ಬಳ್ಳಾರಿಯ ಮಗು, ಸೂರತ್ತಿನ ವ್ಯಾಕರಣ

ಬಳ್ಳಾರಿ! ಆ ಹೆಸರು ಕಣ್ಣಿಗೆ ಬಿದ್ದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ವಡೋದರದ ಮನೆಯಲ್ಲಿ ರಾತ್ರಿ ಊಟ ಮುಗಿಸಿ ನಾನು ಹುಡುಕುತ್ತಿದ್ದದ್ದು ಬೇರೆಯದನ್ನೇ. ಗುಜರಾತಿ ಭಾಷೆಗೆ ಗುಜರಾತಿಯಲ್ಲೇ ಒಂದು ವ್ಯಾಕರಣವನ್ನು 1867ರಲ್ಲಿ ಪಾದ್ರಿಯೊಬ್ಬರು ಬರೆದರು. ಭಾಷೆಯ ಬಗ್ಗೆ ಅಕ್ಕರೆಯುಳ್ಳ ಗುಜರಾತಿಗಳು ಅವರನ್ನು ‘ಟೇಲರ್ ಸಾಹೇಬ್’ ಎಂದು ಇಂದಿಗೂ ನೆನೆಯುತ್ತಾರೆ. ಆ ಟೇಲರ್ ಯಾವ ಊರಿನವರು ಎಂದಷ್ಟೇ ನನಗೆ ತಿಳಿಯಬೇಕಿತ್ತು. ಸ್ಕಾಟ್ಲೆಂಡ್ ಇರಬಹುದು, ಐರ್ಲೆಂಡ್ ಇರಬಹುದು ಅಂದುಕೊಂಡಿದ್ದೆ. ಸಿಕ್ಕಿದ್ದು ಇದು: ಜೋಸೆಫ್ ವಾನ್ ಸೊಮೆರೆನ್ ಟೇಲರ್, ಹುಟ್ಟಿದ್ದು 1820ರ ಜುಲೈ 3ರಂದು, ಬಳ್ಳಾರಿಯಲ್ಲಿ.

ನಮ್ಮ ಬಳ್ಳಾರಿ! ಬಂಡೆಗುಡ್ಡದ ಮೇಲೆ ಕೋಟೆ, ಕೆಳಗೆ ಹಂಚು ಕಾದಂತೆ ಕಾಯುವ ಊರು. ಅಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಕೂಸು ಬೆಳೆದು ದೊಡ್ಡವನಾಗಿ ಮಹಿ ನದಿಯ ದಂಡೆಗೆ ಬಂದು, ಇಲ್ಲಿನ ನುಡಿಗೆ ನಾಮಪದ, ಕ್ರಿಯಾಪದ, ಪ್ರತ್ಯಯಗಳ ಲೆಕ್ಕ ಹಾಕಿಕೊಟ್ಟಿತು ಎಂದರೆ! ನನ್ನ ಮಕ್ಕಳು ಇದೇ ಊರಿನಲ್ಲಿ ಗುಜರಾತಿ ವ್ಯಾಕರಣ ಉರುಹೊಡೆದು ಪರೀಕ್ಷೆ ಬರೆದವರು. ಹೊರನಾಡ ಕನ್ನಡಿಗರಾಗಿ ನಾವು ಈ ಭಾಷೆಯನ್ನು ಬಾಡಿಗೆ ಮನೆಯಂತೆ ಬಳಸುತ್ತಿದ್ದೆವು. ಅದರ ಗೋಡೆಗೆ ಕಲ್ಲು ಹೊತ್ತವರಲ್ಲಿ ಒಬ್ಬರು ನಮ್ಮ ಸೀಮೆಯಲ್ಲಿ ಹುಟ್ಟಿದವರು ಎಂದು ಆವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಆ ರಾತ್ರಿಯಿಂದ ಸೂರತ್, ವಡೋದರ, ಅಹಮದಾಬಾದುಗಳ ಹಳೆಯ ಪ್ರಾಟೆಸ್ಟೆಂಟ್ ಸಭೆಗಳ ಬೆನ್ನು ಬಿದ್ದಿದ್ದೇನೆ. ಗೋರಿಗಳು, ಪುಸ್ತಕಗಳು, ದೀಕ್ಷಾಸ್ನಾನದ ರಿಜಿಸ್ಟರುಗಳು. ಒಂದೊಂದನ್ನು ಮುಟ್ಟಿದಾಗಲೂ ಕೆಳಗಿನಿಂದ ಇನ್ನೊಂದು ಎದ್ದು ಬರುತ್ತದೆ.

ಮೊದಲು ಸೂರತ್ತಿಗೇ ಹೋಗಬೇಕು. ಕತಾರ್‌ಗಾಮ್ ದರವಾಜೆಯ ಹತ್ತಿರ, ಗಿಜಿಗುಡುವ ರಸ್ತೆಯ ಪಕ್ಕದಲ್ಲೇ ಇಂಗ್ಲಿಷರ ಹಳೆಯ ಸ್ಮಶಾನ. ಒಳಗೆ ಕಾಲಿಟ್ಟರೆ ಶಿಲುಬೆ ಹೊತ್ತ ಸಣ್ಣ ಕಲ್ಲುಗಳನ್ನು ನಿರೀಕ್ಷಿಸಿದ ಕಣ್ಣಿಗೆ ಕಾಣುವುದು ಗುಮ್ಮಟಗಳು! ಬಿಜಾಪುರದಲ್ಲೋ ಬೀದರಿನಲ್ಲೋ ನಿಂತಂತೆ ಅನಿಸುತ್ತದೆ. ಕಂಬ, ಕಮಾನು, ಎರಡಂತಸ್ತು, ಮೇಲೆ ತೆರೆದ ಗುಮ್ಮಟ. ಅವುಗಳಲ್ಲೆಲ್ಲ ದೊಡ್ಡದು ಆಕ್ಸೆಂಡನ್ ಅಣ್ಣತಮ್ಮಂದಿರದು. ಕ್ರಿಸ್ಟೋಫರ್ ತೀರಿಕೊಂಡದ್ದು 1659ರಲ್ಲಿ. ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯ, ಅಂದರೆ ವ್ಯಾಪಾರದ ನೆಲೆಯ, ಮುಖ್ಯಸ್ಥರಾಗಿದ್ದ ಸರ್ ಜಾರ್ಜ್ 1669ರಲ್ಲಿ. ಮೊಗಲ್ ದೊರೆಗಳ ನಾಡಿನಲ್ಲಿ ಬದುಕಿದ ಈ ವ್ಯಾಪಾರಿಗಳು ಸತ್ತ ಮೇಲೆ ಮೊಗಲರ ಹಾಗೆಯೇ ಮಲಗಿದರು.

ಕ್ರಿಸ್ಟೋಫರನ ಗೋರಿಯ ಲ್ಯಾಟಿನ್ ಬರಹದ ಅರ್ಥ ತಿಳಿದಾಗ ನನಗೆ ಮೈ ಜುಮ್ಮೆಂದಿತು. ಅದು ಪೂರ್ತಿ ಅಂಗಡಿ ಲೆಕ್ಕದ ಭಾಷೆಯಲ್ಲಿದೆ! ತಾನು ಕೈಗೊಂಡ ಕೆಲಸಕ್ಕೆ ಆತ ದಿನಗಳನ್ನು ಎಣಿಸಬಹುದಿತ್ತೇ ಹೊರತು ವರ್ಷಗಳನ್ನಲ್ಲ, ಸಾವು ಬಂದು ದಿಢೀರನೆ ಲೆಕ್ಕ ಒಪ್ಪಿಸು ಎಂದಿತು, ಎನ್ನುತ್ತದೆ ಆ ಕಲ್ಲು. ಮುಂದೆ ಯಜಮಾನರನ್ನೇ ಕರೆದು ಲಾಭವೆಷ್ಟು, ನಷ್ಟವೆಷ್ಟು ಎಂದು ಕೂಡಿಸಿ ತೋರಿಸುತ್ತದೆ: ನೀವು ಒಬ್ಬ ಸೇವಕನನ್ನು ಕಳಕೊಂಡಿರಿ, ನಾವು ಒಬ್ಬ ಗೆಳೆಯನನ್ನು, ಆತ ತನ್ನ ಪ್ರಾಣವನ್ನು, ಆದರೆ ಸಾವೇ ತನಗೆ ಲಾಭ ಎಂದು ಆತ ಬರೆದುಕೊಳ್ಳಬಹುದು. ಸೂರತ್ತಿನಂಥ ವ್ಯಾಪಾರದ ಊರಿನಲ್ಲಿ ಸಾವನ್ನೂ ಖಾತೆ ಪುಸ್ತಕದಲ್ಲಿ ಜಮಾ ಮಾಡಿದ್ದಾರೆ. ಇದಕ್ಕಿಂತ ಸೂರತ್ತಿಗೆ ಒಪ್ಪುವ ಗೋರಿಬರಹ ಇನ್ನೊಂದಿರಲಾರದು.

ಅಲ್ಲಿಂದ ಹೆಚ್ಚು ದೂರವಿಲ್ಲ ಡಚ್ಚರ ಸ್ಮಶಾನ. ಅಲ್ಲಿ ಮಲಗಿರುವವರು ಹೆಂಡ್ರಿಕ್ ವಾನ್ ರೀಡ್. ಮಲಬಾರಿನ 742 ಗಿಡಮರಗಳನ್ನು 12 ಸಂಪುಟಗಳಲ್ಲಿ ಚಿತ್ರಸಮೇತ ಬಣ್ಣಿಸಿದ ‘ಹೋರ್ಟಸ್ ಮಲಬಾರಿಕಸ್’ ಮಾಡಿಸಿದವರು. ಆ ಗ್ರಂಥಕ್ಕೆ ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಚುದನ್ ವೈದ್ಯರ ಜತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. 1691ರ ಡಿಸೆಂಬರಿನಲ್ಲಿ ಹಡಗಿನಲ್ಲೇ ತೀರಿಕೊಂಡ ವಾನ್ ರೀಡ್ ಅವರನ್ನು ತಂದು ಮಣ್ಣು ಮಾಡಿದ್ದು ಸೂರತ್ತಿನಲ್ಲಿ. ನಮ್ಮ ಪಶ್ಚಿಮ ಘಟ್ಟದ ಸಸ್ಯಗಳ ಬಗ್ಗೆ ಓದುವ ಪ್ರತಿಯೊಬ್ಬರೂ ಈ ಊರಿಗೆ ಬಂದಾಗ ಅಲ್ಲಿ ಒಂದು ಹೂವಿಟ್ಟು ಹೋಗಬೇಕು.

ಈ ಕೋಠಿಯವರಿಗೆ ಪ್ರಾರ್ಥನೆ ಮಾಡಿಸಲು ಕಂಪನಿ ಪಾದ್ರಿಗಳನ್ನು ಕಳಿಸುತ್ತಿತ್ತು. ಅವರಲ್ಲಿ ಹೆನ್ರಿ ಲಾರ್ಡ್ ಎಂಬವರು ಸೂರತ್ತಿನ ಬನಿಯಾಗಳನ್ನೂ ಪಾರ್ಸಿಗಳನ್ನೂ ವಿಚಾರಿಸಿ ಬರೆದ ಪುಸ್ತಕ 1630ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಅಚ್ಚಾಯಿತು. ಎಡ್ವರ್ಡ್ ಟೆರಿ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ ಅವರ ಜತೆ ಜಹಾಂಗೀರನ ಬಿಡಾರದ ಹಿಂದೆ ಅಹಮದಾಬಾದಿನವರೆಗೆ ನಡೆದರು. 1690ರ ಸುಮಾರಿಗೆ ಇಲ್ಲಿದ್ದ ಜಾನ್ ಓವಿಂಗ್ಟನ್ ಕೊಟ್ಟ ಒಂದು ವಿವರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕೋಠಿಯೊಳಗಿನ ಪ್ರಾರ್ಥನಾ ಮಂದಿರವನ್ನು ಚೆನ್ನಾಗಿ ಅಲಂಕರಿಸಿದ್ದರಂತೆ, ಆದರೆ ಎಲ್ಲೂ ಒಂದು ಜೀವಿಯ ಚಿತ್ರವೂ ಇರಲಿಲ್ಲ. ಸುತ್ತಲಿನ ಮುಸಲ್ಮಾನರ ಮನಸ್ಸಿಗೆ ನೋವಾಗಬಾರದು ಎಂದು! ಇಲ್ಲಿನ ಪ್ರಾಟೆಸ್ಟೆಂಟ್ ಆರಾಧನೆ ಶುರುವಾದದ್ದು ನೆರೆಯವರ ಮುಖ ನೋಡಿಕೊಂಡು.

ಆದರೆ ಇವೆಲ್ಲ ಬಿಳಿಯರು ಬಿಳಿಯರಿಗಾಗಿ ಮಾಡಿಕೊಂಡದ್ದು. ಊರಿನ ಜನರ ಭಾಷೆಗೆ ಇಳಿಯಲು ಕಂಪನಿಗೆ ಮನಸ್ಸಿರಲಿಲ್ಲ. ಮಿಷನರಿಗಳಿಗೆ ಬಾಗಿಲು ಸರಿಯಾಗಿ ತೆರೆದದ್ದು ಕಂಪನಿಯ 1813ರ ಸನದಿನ ನಂತರ. 1815ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೇಮ್ಸ್ ಸ್ಕಿನ್ನರ್, ವಿಲಿಯಂ ಫೈವಿ ಸೂರತ್ತಿಗೆ ಬಂದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಅಚ್ಚುಕೂಟ ಬಂತು, 1820ರ ದಶಕದ ಮೊದಲಲ್ಲೇ ಗುಜರಾತಿಯಲ್ಲಿ ಬೈಬಲ್ ಬಂತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಇದೇ ಲಂಡನ್ ಮಿಷನ್ನಿನವರು ಅದಕ್ಕೂ ಮೊದಲು, 1810ರಲ್ಲೇ ಇನ್ನೊಂದು ಊರಿಗೆ ಕಾಲಿಟ್ಟಿದ್ದರು. ಯಾವ ಊರು ಗೊತ್ತೆ? ಬಳ್ಳಾರಿ! ಜಾನ್ ಹ್ಯಾಂಡ್ಸ್ ಅಲ್ಲಿ ಕೂತು ಸತ್ಯವೇದವನ್ನು ಕನ್ನಡಕ್ಕೆ ತರುತ್ತಿದ್ದರು. ವಿಲಿಯಂ ರೀವ್ ಕನ್ನಡ ನಿಘಂಟಿನ ಪದಗಳನ್ನು ಕೂಡಿಹಾಕುತ್ತಿದ್ದರು. ಕಿಟೆಲ್ ನಿಘಂಟಿಗೆ 60 ವರ್ಷ ಮೊದಲೇ, 1832ರಲ್ಲಿ ರೀವ್ ನಿಘಂಟು ಹೊರಬಂತು. ಬಳ್ಳಾರಿಯವರಿಗೆ ಚಿರಪರಿಚಿತವಾದ ವಾರ್ಡ್ಲಾ ಶಾಲೆ ಅದೇ ಮಿಷನ್ನಿನ ಮರದ ಕೊಂಬೆ. ಹ್ಯಾಂಡ್ಸ್ ಅವರ ಕೈಕೆಳಗೆ ಪಳಗಿ ಪಾದ್ರಿಯಾದವರು ಜೋಸೆಫ್ ಟೇಲರ್, ನಮ್ಮ ವ್ಯಾಕರಣಕಾರರ ಅಪ್ಪ. 1820ರಲ್ಲಿ, ಮಗ ಹುಟ್ಟಿದ ಅದೇ ವರ್ಷ, ಈ ಹಿರಿಯ ಟೇಲರ್ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಕಟ್ಟಿದರು. ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿರುವ ಬೆನನ್ ಅಲ್ಲಿ ಅವರ ಜತೆಗಾರರು.

ಹೀಗೆ ಒಂದೇ ಸಂಸ್ಥೆಯ ಎರಡು ಮನೆಗಳಲ್ಲಿ, ತುಂಗಭದ್ರೆಯ ಸೀಮೆಯಲ್ಲೊಂದು, ತಾಪಿ ನದಿಯ ದಂಡೆಯಲ್ಲೊಂದು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎರಡು ಭಾಷೆಗಳು ಅಚ್ಚಿನ ಮೊಳೆಗೆ ಏರುತ್ತಿದ್ದವು. ಆ ಒಂದು ಮನೆಯ ಮಗು ಇನ್ನೊಂದು ಮನೆಗೆ ಹೋದದ್ದು ಈಗ ನೋಡಿದರೆ ಆಗಲೇಬೇಕಾಗಿದ್ದದ್ದು ಅನಿಸುತ್ತದೆ.

ಮಗ ಕಲ್ಕತ್ತೆಯಲ್ಲಿ ಓದಿದರು. ಬಂಗಾಳಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಕಲಿತರು. ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಪಡೆದರು. ಇಲೈಜಾ ಮೇರಿ ಪ್ರಿಚರ್ಡ್ ಅವರನ್ನು ಮದುವೆಯಾಗಿ 1840ರ ದಶಕದಲ್ಲಿ ಲಂಡನ್ ಮಿಷನ್ನಿನವರಾಗಿಯೇ ವಡೋದರಕ್ಕೆ ಬಂದರು. ನಾನು ದಿನವೂ ಸ್ಕೂಟರಿನಲ್ಲಿ ಓಡಾಡುವ ಈ ಊರಿಗೆ! ಗಾಯಕವಾಡರ ರಾಜಧಾನಿಯಿಂದ ಮಹಿ ನದಿಯ ಆಚೀಚೆಯ ಹಳ್ಳಿಗಳಿಗೆ, ಬೋರ್ಸದ್ ಸೀಮೆಗೆ ಅವರ ತಿರುಗಾಟ ನಡೆಯಿತು. ಅಷ್ಟರಲ್ಲಿ ಬೇರೊಂದು ದಿಕ್ಕಿನಿಂದ ಐರಿಷರು ಬಂದಿದ್ದರು. 1840ರ ಜುಲೈ 10ರಂದು ಬೆಲ್‌ಫಾಸ್ಟಿನಲ್ಲಿ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಗಳು ಒಂದಾದ ದಿನವೇ ಭಾರತಕ್ಕೆ ಇಬ್ಬರನ್ನು ಕಳಿಸುವ ತೀರ್ಮಾನವಾಯಿತು. ಜೇಮ್ಸ್ ಗ್ಲಾಸ್ಗೋ, ಅಲೆಕ್ಸಾಂಡರ್ ಕರ್ 1841ರಲ್ಲಿ ರಾಜಕೋಟೆ ಮುಟ್ಟಿದರು. ಕರ್ ಆ ವರ್ಷವೇ ಅಲ್ಲೇ ಮಣ್ಣಾದರು. ಮುಂದೆ ಲಂಡನ್ ಮಿಷನ್ ಗುಜರಾತಿನಿಂದ ಹಿಂದೆ ಸರಿದಾಗ ಸೂರತ್ತು, ಮಹಿ ಕಾಂಠಾ ಎಲ್ಲ ಐರಿಷರ ಕೈಗೆ ಬಂತು. ಟೇಲರ್ ಗುಜರಾತ್ ಬಿಡಲಿಲ್ಲ, ಮಿಷನ್ನನ್ನೇ ಬದಲಾಯಿಸಿದರು. ನನಗೆ ಬಹಳ ಇಷ್ಟವಾದ ಸಂಗತಿ ಇದು. ಭಾಷೆಯ ಮೇಲೆ ಅಷ್ಟು ಜೀವ ಇಟ್ಟಿದ್ದರು.

ಆ ಜೀವ ಎಂಥದ್ದು ಎಂದು ನೋಡಬೇಕಾದರೆ 1867ರ ‘ಗುಜರಾತಿ ಭಾಷಾನುಂ ವ್ಯಾಕರಣ’ ತೆರೆಯಬೇಕು. ಗುಜರಾತಿ ಬರೀ ವ್ಯಾಪಾರಿಗಳ ಆಡುಮಾತು, ಅದಕ್ಕೆಂಥ ವ್ಯಾಕರಣ ಎಂದು ಮೂಗು ಮುರಿಯುವ ಕಾಲದಲ್ಲಿ ಈ ಮನುಷ್ಯ, ಸಂಸ್ಕೃತದ ಮಗಳಾದ, ದೊಡ್ಡ ದೊಡ್ಡ ಭಾಷೆಗಳ ನೆಂಟಳಾದ ಈ ನುಡಿಯನ್ನು ಕೀಳೆನ್ನುವ ಧೈರ್ಯ ಯಾರಿಗಿದೆ ಎಂದು ಕೇಳಿದರು. ಆಡುವವರು ಹೇಗೋ ಆಡುವ ನುಡಿಯೂ ಹಾಗೆ, ಭಾಷೆಯ ಬಡತನವೆಂಬುದು ಆಡುವವರ ಬಡತನ ಎಂದರು. ಆ ಮಾತುಗಳು ಗುಜರಾತಿಗಳಿಗೆ ಇಂದಿಗೂ ನೆನಪಿವೆ. ಕನ್ನಡದವರ ಮಧ್ಯೆ ನಿಂತು ಯಾರಾದರೂ ಹೀಗೆ ಕೇಳಿದ್ದರೆ ನಾವು ಹೇಗೆ ಎದೆಗಪ್ಪಿಕೊಳ್ಳುತ್ತಿದ್ದೆವೋ ಹಾಗೆಯೇ ಅವರು ಅಪ್ಪಿಕೊಂಡರು. 1870ರಲ್ಲಿ ‘ಧಾತುಸಂಗ್ರಹ’ ಬಂತು, ಗುಜರಾತಿ ಕ್ರಿಯಾಪದಗಳ ಬೇರು ಹುಡುಕುವ ಪುಸ್ತಕ. ಬೈಬಲಿನ ಗುಜರಾತಿ ಅನುವಾದವನ್ನು ತಿದ್ದುವ ಕೆಲಸದಲ್ಲೂ ಅವರ ಕೈ ಇತ್ತು.

ಇನ್ನು ‘ಕಾವ್ಯಾರ್ಪಣ’. ಗುಜರಾತಿ ಛಂದಸ್ಸಿನಲ್ಲಿ ಕ್ರೈಸ್ತ ಭಕ್ತಿಗೀತೆಗಳು. ಹೊರಗಿನ ರಾಗಕ್ಕೆ ಇಲ್ಲಿನ ಪದ ತುರುಕುವುದಲ್ಲ, ಇಲ್ಲಿನ ಜನ ಭಜನೆಯಲ್ಲಿ ಹಾಡುವ ಧಾಟಿಗೇ ಹಾಡು ಕಟ್ಟುವುದು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1862ರಲ್ಲಿ, ಮಂಗಳೂರಿನಲ್ಲಿ ಕಿಟೆಲ್ ಅವರ ‘ಕಥಾಮಾಲೆ’ ಬಂದಿತ್ತು, ಯೇಸುವಿನ ಕತೆ ಕನ್ನಡದ ಷಟ್ಪದಿ ಮೊದಲಾದ ಮಟ್ಟುಗಳಲ್ಲಿ! ಒಬ್ಬರು ಜರ್ಮನಿಯಿಂದ ಕನ್ನಡಕ್ಕೆ ಬಂದವರು, ಒಬ್ಬರು ಕನ್ನಡ ನಾಡಿನಿಂದ ಗುಜರಾತಿಗೆ ಹೋದವರು. ಇಬ್ಬರಿಗೂ ಹೊಳೆದ ದಾರಿ ಒಂದೇ.

ಟೇಲರ್ 1881ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ!

ಅವರ ಮಗ ಜಾರ್ಜ್ ಪ್ರಿಚರ್ಡ್ ಟೇಲರ್ ಅಹಮದಾಬಾದಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಸ್ಟೀವನ್ಸನ್ ದೈವಶಾಸ್ತ್ರ ಕಾಲೇಜಿನ ಮುಖ್ಯಸ್ಥರಾದರು. ಅವರೂ ಗುಜರಾತಿ ವ್ಯಾಕರಣ ಬರೆದರು, ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳಿಗಾಗಿ. ಆದರೆ ಅವರ ನಿಜವಾದ ಹುಚ್ಚು ನಾಣ್ಯಗಳದು. ಅಹಮದಾಬಾದಿನ ಮಾಣೆಕ್ ಚೌಕದ ಚಿನಿವಾರರ ತಕ್ಕಡಿಯಲ್ಲಿ ಶತಮಾನಗಳಿಂದ ಬಿದ್ದು ಎದ್ದ ಸುಲ್ತಾನರ, ಮೊಗಲರ ದುಡ್ಡುಗಳನ್ನು ಓದುವುದು. ಅಹಮದಾಬಾದ್ ಟಂಕಸಾಲೆಯ ನಾಣ್ಯಗಳ ಬಗ್ಗೆ ಬರೆದರು, ಸೂರತ್ ನಾಣ್ಯಗಳ ಬಗ್ಗೆ ಬರೆದರು. 1910ರಲ್ಲಿ ಭಾರತದ ನಾಣ್ಯಶಾಸ್ತ್ರ ಸಂಘ ಹುಟ್ಟಿದಾಗ ಸ್ಥಾಪಕರ ಸಣ್ಣ ಗುಂಪಿನಲ್ಲಿ ಅವರಿದ್ದರು.

1914ರಲ್ಲಿ ಅವರು ಹೊರತಂದ ಪುಸ್ತಕದ ಹೆಸರು ಓದಿದಾಗ ನಾನು ಎರಡು ಸಲ ಕಣ್ಣುಜ್ಜಿಕೊಂಡೆ: ‘ದಿ ಕಾಯಿನ್ಸ್ ಆಫ್ ಟಿಪ್ಪು ಸುಲ್ತಾನ್’! ಅಜ್ಜ ಬಳ್ಳಾರಿ, ಬೆಳಗಾವಿಗಳಲ್ಲಿ ದುಡಿದವರು, ಅಪ್ಪ ಬಳ್ಳಾರಿಯಲ್ಲಿ ಹುಟ್ಟಿದವರು, ಮೊಮ್ಮಗ ಸಾಬರಮತಿಯ ದಂಡೆಯಲ್ಲಿ ಕೂತು ನಮ್ಮ ಶ್ರೀರಂಗಪಟ್ಟಣದ, ನಗರದ, ಧಾರವಾಡದ ಟಂಕಸಾಲೆಗಳ ಲೆಕ್ಕ ಬಿಡಿಸುತ್ತಿದ್ದಾರೆ!

ಆ ನಾಣ್ಯಗಳು ಎಂಥವು ಎಂದು ಒಂದನ್ನು ಕೈಯಲ್ಲಿ ಹಿಡಿದು ನೋಡಿ. ತಾಮ್ರದ ಕಾಸು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಟಿಪ್ಪು ತಾಮ್ರದ ದುಡ್ಡುಗಳಿಗೆ ಗ್ರಹ ನಕ್ಷತ್ರಗಳ ಹೆಸರಿಟ್ಟಿದ್ದ: ಪೈಸೆಗೆ ಝೊಹ್ರಾ ಅಂದರೆ ಶುಕ್ರ, ಅರೆಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಎಲ್ಲಕ್ಕಿಂತ ಚಿಕ್ಕದಕ್ಕೆ ಕುತ್ಬ್, ಧ್ರುವ ನಕ್ಷತ್ರ. ಊರುಗಳ ಹೆಸರನ್ನೂ ಬದಲಿಸಿದ್ದ. ಚಿತ್ರದುರ್ಗ ಫರ್ರುಖ್ಯಾಬ್ ಹಿಸಾರ್, ಧಾರವಾಡ ಖುರ್ಷೀದ್ ಸವಾದ್. ತನ್ನದೇ ಹೊಸ ಶಕ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇಷ್ಟೆಲ್ಲ ಗಂಟುಗಳನ್ನು ತಾಳ್ಮೆಯಿಂದ ಬಿಚ್ಚುವುದಕ್ಕೆ ವ್ಯಾಕರಣದ ಮನೆಯಲ್ಲಿ ಬೆಳೆದವರೇ ಬೇಕಿತ್ತು.

ಈ ಮೂರು ತಲೆಮಾರು ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ದಾಖಲೆಗಳು ಹರಿದು ಹಂಚಿಹೋದದ್ದರಿಂದ. ಬಳ್ಳಾರಿಯ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿತು. ಬೆಳಗಾವಿಯ ಮಿಷನ್ 1904ರಲ್ಲೇ ಅಮೆರಿಕದ ಮೆಥೊಡಿಸ್ಟರಿಗೆ ಹೋಯಿತು. ಗುಜರಾತಿನ ಐರಿಷ್ ಸಭೆಗಳು 1970ರಲ್ಲಿ ಉತ್ತರ ಭಾರತ ಸಭೆಯೊಳಗೆ ಬಂದವು. ಒಂದೇ ಸಂಸಾರದ ಕತೆ ಮೂರು ಸಭೆಗಳ ಕಪಾಟಿನಲ್ಲಿ! ಲಂಡನ್ ಮಿಷನ್ನಿನ ಪತ್ರಗಳು ಈಗ ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ, ಐರಿಷರವು ಬೆಲ್‌ಫಾಸ್ಟಿನಲ್ಲಿ. 1894ರಲ್ಲಿ ವಿಲ್ಬರ್ ಸ್ಟೋವರ್ ದಂಪತಿಯೊಂದಿಗೆ ಭಾರತಕ್ಕೆ ಬಂದು ವಲಸಾಡಿನಲ್ಲಿ ನೆಲೆ ನಿಂತ ಬ್ರೆದ್ರನ್ ಸಭೆಯವರ ದಾಖಲೆ ಬೇಕಾದರೆ ಅಮೆರಿಕದ ಇಲಿನಾಯ್ ರಾಜ್ಯದ ಎಲ್ಜಿನ್ ಎಂಬ ಊರಿಗೆ ಹೋಗಬೇಕು. ದಕ್ಷಿಣ ಗುಜರಾತಿನ ಹಳ್ಳಿಗಳ ಸುದ್ದಿ ಜೋಳದ ಹೊಲಗಳ ಆ ನಾಡಿನಲ್ಲಿ ಕೂತಿದೆ.

ಕಂಪನಿಯ ಪಾದ್ರಿಗಳು ಮಾತ್ರ ಒಂದು ಒಳ್ಳೆಯ ಪದ್ಧತಿ ಇಟ್ಟುಕೊಂಡಿದ್ದರು. ದೀಕ್ಷಾಸ್ನಾನ, ಮದುವೆ, ಮಣ್ಣು, ಮೂರರ ರಿಜಿಸ್ಟರನ್ನೂ ನಕಲು ಮಾಡಿ ಮುಂಬಯಿಗೆ ಕಳಿಸಬೇಕು, ಅಲ್ಲಿಂದ ಅದು ಲಂಡನ್ನಿಗೆ ಹೋಗಬೇಕು. ಮುಂಬಯಿ ಪ್ರಾಂತ್ಯದ ಆ ನಕಲುಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉದ್ದಕ್ಕೆ ಜೋಡಿಸಿಟ್ಟಿವೆ. ಪುಟ ತೆರೆದರೆ ಅಡ್ಡಸಾಲುಗಳು: ಸ್ನಾನದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ತಂದೆತಾಯಿ, ಇರುವ ಊರು, ತಂದೆಯ ಕೆಲಸ, ಸ್ನಾನ ಕೊಟ್ಟ ಪಾದ್ರಿಯ ರುಜು. ಏಳೇ ಮನೆಗಳು. ಆ ಏಳರಲ್ಲಿ ಒಂದು ಬದುಕು ಶುರುವಾಗುತ್ತದೆ.

ಆದರೆ ಅಲ್ಲಿರುವುದು ಬಹುಪಾಲು ಯುರೋಪಿಯನ್ನರ ಹೆಸರುಗಳು. ಬೋರ್ಸದ್ ಸೀಮೆಯ ಖಾಶೀವಾಡಿ, ಅಹಮದಾಬಾದ್ ಬಳಿಯ ರಾಣೀಪುರ, ಶಾಹವಾಡಿಯಂಥ ಕ್ರೈಸ್ತ ಹಳ್ಳಿಗಳ ನೇಕಾರರು, ಕೂಲಿಗಳು, 1899–1900ರ ‘ಛಪ್ಪನಿಯೋ’ ಬರದಲ್ಲಿ ಅನಾಥರಾಗಿ ಮಿಷನ್ ಮನೆಗೆ ಬಂದ ಮಕ್ಕಳು, ಇವರನ್ನು ಬರೆದಿಟ್ಟದ್ದು ಅಲ್ಲಲ್ಲಿಯ ಮಂಡಳಿಗಳ ಪುಸ್ತಕಗಳಲ್ಲಿ. ಮಂಡಳಿ ಎಂದರೆ ಇಲ್ಲಿನವರ ಮಾತಿನಲ್ಲಿ ಸಭೆ. ನಾವು ಸಭಾಪಾಲಕರು ಎನ್ನುವವರನ್ನು ಇವರು ‘ಪಾಳಕ್ ಸಾಹೇಬ್’ ಎನ್ನುತ್ತಾರೆ. ಇಂಥ ಒಂದು ಪುಸ್ತಕವನ್ನು ನಾನು ನೋಡಿದೆ. ಅಂಚು ಗೆದ್ದಲು ತಿಂದಿತ್ತು, ಶಾಯಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಒಂದು ಹೆಸರಿನ ಮೇಲೆ ನೀರಿನ ಕಲೆ. ಬರದ ವರ್ಷದ ಪುಟದಲ್ಲಿ ತಂದೆಯ ಹೆಸರಿನ ಮನೆ ಸಾಲುಸಾಲಾಗಿ ಖಾಲಿ. ಆ ಮಕ್ಕಳ ಮರಿಮಕ್ಕಳು ಇದೇ ಊರುಗಳಲ್ಲಿ ಮೇಷ್ಟ್ರು, ನರ್ಸು, ಎಂಜಿನಿಯರುಗಳಾಗಿದ್ದಾರೆ. ಅವರಲ್ಲಿ ಎಷ್ಟೋ ಜನರ ಅಡ್ಡಹೆಸರೇ ‘ಕ್ರಿಶ್ಚಿಯನ್’. ಅವರ ಮನೆತನದ ಮೊದಲ ಸಾಲು ಆ ಗೆದ್ದಲ ಬಾಯಲ್ಲಿದೆ.

ಆದ್ದರಿಂದ ಒಂದು ಬೇಡಿಕೆ. ಅಹಮದಾಬಾದ್, ವಡೋದರ, ಸೂರತ್ತುಗಳಲ್ಲಿರುವ ಕನ್ನಡಿಗರೇ, ನಿಮ್ಮ ಬೀದಿಯ ಮಂಡಳಿಯ ಪಾಳಕರನ್ನು ಪರಿಚಯ ಮಾಡಿಕೊಳ್ಳಿ, ಹಳೆಯ ಪುಸ್ತಕಗಳ ಪುಟಪುಟವನ್ನೂ ಫೋಟೊ ತೆಗೆಯಲು ಅವರಿಗೆ ಕೈಜೋಡಿಸಿ. ಬೆಳಗಾವಿಯವರೇ, ಹಿರಿಯ ಟೇಲರ್ ಕಾಲದ ಕಾಗದಗಳು ಯಾರ ಬೀರುವಿನಲ್ಲಿವೆ ಎಂದು ಕೇಳಿ ನೋಡಿ. ಬಳ್ಳಾರಿಯ ಸಭೆಯ ಹಿರಿಯರೇ, ನಿಮ್ಮ ಹಳೆಯ ಪೆಟ್ಟಿಗೆಯಲ್ಲಿ 1820ರ ರಿಜಿಸ್ಟರು ಉಳಿದಿದ್ದರೆ ಜುಲೈ ತಿಂಗಳ ಪುಟ ಮೊದಲು ತೆರೆಯಿರಿ. ಅದರಲ್ಲಿ ಟೇಲರ್ ಎಂಬ ಹೆಸರು ಕಂಡರೆ ದಯವಿಟ್ಟು ವಡೋದರಕ್ಕೊಂದು ಸುದ್ದಿ ಮುಟ್ಟಿಸಿ.